ನೊರೆ ಆರುವ ಮುನ್ನ

ಗಲ್ಲದ ಮೇಲೆ ರೇಜರು ಒಂದು ಸಲ ಇಳಿದು ಮುಗಿಯುವಷ್ಟರಲ್ಲಿ ಬಟ್ಟಲಿನ ನೊರೆ ಆರಿಹೋಗುತ್ತದೆಂಬುದು ತಾತ್ಯಾಸಾಹೇಬನ ಬಹಳ ಹಳೆಯ ದುಃಖ. ಯಾರ ಮುಂದೂ ಹೇಳಿಕೊಳ್ಳಲು ಬಾರದ ದುಃಖ. ಕಬ್ಬು ಕಡಿಯುವ ಗ್ಯಾಂಗು ಹೇಳಿದ ವಾರಕ್ಕೆ ಬರಲಿಲ್ಲವೆಂದರೆ ಅಂಕಲಿಯ ಯಾವ ಕಟ್ಟೆಯ ಮೇಲಾದರೂ ಕೂತು ಅಳಬಹುದು, ನಾಲ್ಕು ಜನ ಜೊತೆಗೂಡುತ್ತಾರೆ. ಐವತ್ತೆಂಟು ವರ್ಷದ ಗಂಡಸು, ಆರು ಎಕರೆ ಕಬ್ಬಿನ ಒಡೆಯ, ನನ್ನ ನೊರೆ ತಣ್ಣಗಾಯಿತು ಎಂದು ಹೇಳಿದರೆ ಅವರು ಮೊದಲು ಅವನ ಮುಖ ನೋಡಿ ಆಮೇಲೆ ಒಬ್ಬರ ಮುಖ ಒಬ್ಬರು ನೋಡಿಕೊಂಡಾರು. ಆದರೆ ಸಂಗತಿ ಅಷ್ಟು ಸಣ್ಣದಲ್ಲ. ಮೊದಲ ಸಲ ಬಿಸಿನೀರಲ್ಲಿ ಅದ್ದಿದ ಬ್ರಷ್ಷಿನಿಂದ ನೊರೆ ಎಬ್ಬಿಸಿ ಹಚ್ಚಿದಾಗ ಗಲ್ಲ ಕಣ್ಣು ಮುಚ್ಚಿಕೊಳ್ಳುತ್ತದೆ, ಕೂದಲು ಮೆತ್ತಗಾಗಿ ಸೋಲೊಪ್ಪುತ್ತದೆ. ರೇಜರನ್ನು ಕೆಳಗಿನಿಂದ ಮೇಲಕ್ಕೆ ಉಲ್ಟಾ ಎಳೆಯಲು ಎರಡನೆಯ ಸಲ ಹಚ್ಚಬೇಕೆನ್ನುವಾಗ ಅದೇ ನೊರೆ ಕಪ್ಪೆಯ ಹೊಟ್ಟೆಯಂತಾಗಿರುತ್ತದೆ. ಗಲ್ಲ ಬೆಚ್ಚಿಬಿದ್ದು ಬಿಗಿಯುತ್ತದೆ. ದವಡೆಯ ಕೆಳಗೆ, ಸರಿಯಾಗಿ ಅದೇ ಜಾಗದಲ್ಲಿ, ರೇಜರು ಕಚ್ಚುತ್ತದೆ. ಬಸ್‌ಸ್ಟ್ಯಾಂಡಿನ ಕ್ಷೌರದಂಗಡಿಯ ಕಾಡಸಿದ್ದ ಮಾತ್ರ ಇದನ್ನು ಒಂದೇ ನೋಟಕ್ಕೆ ಹಿಡಿದಿದ್ದ. ಅವನು ತನ್ನ ಸಾಬೂನಿನ ಬಟ್ಟಲನ್ನು ಪಕ್ಕದ ಚಹಾದಂಗಡಿಯ ಕೆಟಲಿನ ಮುಚ್ಚಳದ ಮೇಲೆ ಇಟ್ಟು ಬರುತ್ತಿದ್ದ, ಬೇಕಾದಾಗ ಹೋಗಿ ತರುತ್ತಿದ್ದ. ಒಂದು ಸಲ ಅಂಗಡಿ ತುಂಬ ಜನ ಕೂತಿರುವಾಗ, "ಪಾಟೀಲ್ರ, ನಿಮ್ಮ ಗಲ್ಲ ಅಂದ್ರ ಕೂಸಿನ ಕುಂಡಿ ಇದ್ದಂಗ ಐತ್ರಿ, ಥಂಡಿ ಹತ್ತಿದ ಕೂಡ್ಲೆ ಅಳತೈತಿ," ಎಂದುಬಿಟ್ಟ. ಎಲ್ಲರೂ ನಕ್ಕರು. ತಾತ್ಯಾಸಾಹೇಬನೂ ನಕ್ಕ. ಮರುದಿನದಿಂದ ಮನೆಯಲ್ಲೇ ದಾಡಿ ಮಾಡಿಕೊಳ್ಳತೊಡಗಿದ.

ಮನೆಯಲ್ಲಿ ಅವನದೇ ಒಂದು ಏರ್ಪಾಡಾಯಿತು. ಗುಂಡನೆಯ ತಂಬಿಗೆಯ ತುಂಬ ಗೀಜರಿನ ಬಿಸಿನೀರು, ಅದರ ಬಾಯಿಯ ಮೇಲೆ ಸರಿಯಾಗಿ ಕೂರುವ ಸ್ಟೀಲಿನ ಬಟ್ಟಲು, ಸುತ್ತ ಒಂದು ಹಳೆಯ ಟವೆಲ್ಲು. ಕೆಳಗಿನ ನೀರಿನ ಬಿಸಿ ಬಟ್ಟಲಿನ ತಳಕ್ಕೆ ಹತ್ತುತ್ತ, ನೊರೆ ಎರಡನೆಯ ಸಲಕ್ಕೂ ಬೆಚ್ಚಗಿರುತ್ತಿತ್ತು. ಇದನ್ನು ಕಂಡುಹಿಡಿಯಲು ಎರಡು ಚಳಿಗಾಲ ಬೇಕಾದವು. ಕಂಡುಹಿಡಿದ ದಿನ ಹೆಂಡತಿಯನ್ನು ಕರೆದು ಗಲ್ಲ ಮುಟ್ಟಿ ನೋಡಲು ಹೇಳಿದ್ದ. ತ್ರಿಶಲಾ ಹಿಟ್ಟಿನ ಕೈಯಲ್ಲೇ ಮುಟ್ಟಿ, "ಹ್ಞೂಂ, ಚಪಾತಿ ಆಗೈತಿ," ಎಂದು ಒಳಗೆ ಹೋಗಿದ್ದಳು.

ಇವತ್ತು ಬೆಳಿಗ್ಗೆ ಆರಕ್ಕೇ ಕರೆಂಟು ಹೋಗಿತ್ತು. ಹೊಳೆಯ ಕಡೆಯಿಂದ ಬಂದ ಪುಷ್ಯದ ಚಳಿ ಹಿತ್ತಲಿನ ಕಲ್ಲುಗಳಲ್ಲೆಲ್ಲ ಕೂತಿತ್ತು. ಗೀಜರಿನ ನಲ್ಲಿ ತಿರುಗಿಸಿದರೆ ಬಾವಿಯೊಳಗಿಂದ ಬಂದಂಥ ನೀರು. ಅಡಿಗೆಮನೆಯ ಗ್ಯಾಸಿನ ಕಡೆ ಹೋಗುವಂತಿರಲಿಲ್ಲ. ಅದು ಇವತ್ತು ಅಡಿಗೆಮನೆಯಲ್ಲ, ಮುನಿಗಳ ಆಹಾರಕ್ಕೆಂದು ಮಡಿ ಮಾಡಿದ ಚೌಕ. ಬಸದಿಯಲ್ಲಿ ಇಳಿದುಕೊಂಡಿದ್ದ ಮುನಿ ಮಹಾರಾಜರು ನಾಳೆ ಮುಂದಿನ ಊರಿಗೆ ವಿಹಾರ ಹೊರಡುವವರು. ಇವತ್ತು ಆಹಾರಕ್ಕೆ ಯಾರ ಮನೆಯ ಮುಂದೆ ನಿಲ್ಲುತ್ತಾರೋ ಅವರಿಗೇ ಗೊತ್ತು. ಓಣಿಯ ಏಳು ಮನೆಗಳಲ್ಲಿ ಏಳು ಚೌಕ ಸಿದ್ಧವಾಗಿದ್ದವು. ತ್ರಿಶಲಾ ನಸುಕಿನಲ್ಲೇ ಸ್ನಾನ ಮಾಡಿ, ಸೊಸೆ ತೃಪ್ತಿಯೊಡನೆ ಹೊಲದ ಬಾವಿಗೆ ಹೋಗಿ ನೀರು ಸೇದಿ, ಎರಡು ಪದರ ಬಟ್ಟೆಯಲ್ಲಿ ಸೋಸಿ, ಹಿತ್ತಲ ತಗಡಿನ ಕೆಳಗೆ ಹೊಸ ಇಟ್ಟಿಗೆಯ ಒಲೆ ಹೂಡಿ, ಹಿತ್ತಾಳೆಯ ಪಾತೇಲಿ ತುಂಬ ಕುದಿಸಿ ಮುಚ್ಚಿಟ್ಟು ಹೋಗಿದ್ದಳು. ಕೆಂಡದ ಮೇಲೆ ಅದು ಸಣ್ಣಗೆ ಉಸಿರಾಡುತ್ತಿತ್ತು.

"ಏನ್ರಿ, ದಾಡಿ ಆತೇನು?" ಒಳಗಿನಿಂದ ತ್ರಿಶಲಾಳ ದನಿ.

"ಮಾಡಾಕತ್ತೀನಿ."

"ಲಗೂನ ಮಾಡ್ರಿ. ಮತ್ತ ಮೊದಲಿನ ಹಂಗ ರಗತಾ ತಕ್ಕೊಂಡ ಬರಬ್ಯಾಡ್ರಿ. ಹಚ್ಚಿದ ಹತ್ತಿಯಾಗಿಂದ ರಗತಾ ಇಳಿಯೂದ ಮಹಾರಾಜ್ರ ಕಣ್ಣಿಗೆ ಬಿತ್ತಂದ್ರ ಅಂತರಾಯ. ಇದೊಂದ ಸಲ ನಿಮ್ಮ ಕೈ ಮುಗೀತೀನಿ."

ಅಂತರಾಯ ಎಂಬ ಮಾತು ಈ ಮನೆಯಲ್ಲಿ ನಾಲ್ಕು ವರ್ಷದಿಂದ ಒಂದು ವಸ್ತುವಿನ ಹಾಗೆ ಇತ್ತು. ಕತ್ತಲಲ್ಲಿ ನಡೆದರೆ ಕಾಲಿಗೆ ತಾಗುವಂತೆ. ದಿನಕ್ಕೆ ಒಂದೇ ಸಲ, ನಿಂತುಕೊಂಡು, ಬೊಗಸೆಯಲ್ಲಿ ಉಣ್ಣುವ ಮುನಿಗಳು. ಬೊಗಸೆಯಲ್ಲಿ ಒಂದು ಕೂದಲು ಕಂಡರೆ ಸಾಕು, ಆ ದಿನದ ಊಟ ಅಲ್ಲಿಗೇ ಮುಗಿಯಿತು, ಗುಟುಕು ನೀರೂ ಇಲ್ಲ. ನಾಲ್ಕು ವರ್ಷದ ಹಿಂದೆ ಇದೇ ಮನೆಯಲ್ಲಿ ಎರಡನೆಯ ತುತ್ತಿಗೆ ಕೂದಲು ಬಂದಿತ್ತು. ಜ್ಯೇಷ್ಠದ ಸೆಕೆಯಲ್ಲಿ ಮಹಾರಾಜರು ಬೊಗಸೆ ಬಿಟ್ಟು ಕೂತುಬಿಟ್ಟರು. ಓಣಿಯ ಹೆಂಗಸರು ತ್ರಿಶಲಾಳ ತಲೆಯ ಸೆರಗನ್ನು ನೋಡಿದರು. ಅವಳು ಅಂದೇ ಬಸದಿಗೆ ಹೋಗಿ, ತನ್ನ ಮನೆಯಲ್ಲಿ ಮುನಿಗಳ ಆಹಾರ ಸುಸೂತ್ರವಾಗುವ ತನಕ ಬೆಲ್ಲ ಸಕ್ಕರೆ ಮುಟ್ಟುವುದಿಲ್ಲವೆಂದು ವ್ರತ ಹಿಡಿದು ಬಂದಳು. ಸುತ್ತ ಕಣ್ಣು ಹರಿಯುವಷ್ಟು ದೂರ ಕಬ್ಬು. ಅದರ ನಡುವೆ ಕೂತು ನಾಲ್ಕು ವರ್ಷದಿಂದ ಸಪ್ಪೆ ಚಹಾ ಕುಡಿಯುವ ಹೆಂಗಸು. ತಾತ್ಯಾಸಾಹೇಬ ದಿನಾ ಬೆಳಿಗ್ಗೆ ಎದುರು ಕೂತು ತನ್ನ ಸಿಹಿ ಚಹಾ ಕುಡಿಯುತ್ತಿದ್ದ. ಆ ಕೂದಲನ್ನು ಅವನು ಹತ್ತಿರದಿಂದ ನೋಡಿದ್ದ. ಎರಡು ಬೆರಳು ಉದ್ದ, ಬಿರುಸು, ನಡುವೆ ಕಪ್ಪು ಪಟ್ಟೆ, ತುದಿ ಬಿಳಿ. ಅಂಥ ಕೂದಲು ಯಾವ ಹೆಂಗಸಿನ ತಲೆಯಲ್ಲೂ ಬೆಳೆಯುವುದಿಲ್ಲ. ಅದು ನಿಪ್ಪಾಣಿಯ ಅಂಗಡಿಯಲ್ಲಿ ಅವನು ಕೊಂಡ ದಾಡಿ ಬ್ರಷ್ಷಿನಲ್ಲಿ ಮಾತ್ರ ಬೆಳೆಯುತ್ತಿತ್ತು. ಅದು ಯಾವ ಪ್ರಾಣಿಯದೆಂದು ಕೊಳ್ಳುವಾಗ ಕೇಳಿರಲಿಲ್ಲ. ಕೇಳಿದರೆ ಗೊತ್ತಾಗುತ್ತಿತ್ತು, ಗೊತ್ತಾದರೆ ಬಿಡಬೇಕಾಗುತ್ತಿತ್ತು. ನೊರೆ ಅಷ್ಟು ಚೆನ್ನಾಗಿ ಹಿಡಿಯುವ ಬ್ರಷ್ಷು ಇನ್ನೊಂದು ಸಿಕ್ಕೀತೆಂಬ ನಂಬಿಕೆ ಅವನಿಗಿರಲಿಲ್ಲ.

ಹಾಗಾಗಿ ಈಗ ಇಟ್ಟಿಗೆಯ ಒಲೆಯ ಮುಂದೆ ಕುಕ್ಕರಗಾಲಲ್ಲಿ ಕೂತಾಗ ಅವನ ಮನಸ್ಸಿನಲ್ಲಿದ್ದದ್ದು ಸುಖದ ಆಸೆಯಲ್ಲ, ಖಂಡಿತ ಅಲ್ಲ, ಬರೀ ಹೆಂಡತಿಯ ವ್ರತದ ಕಾಳಜಿ. ತಣ್ಣನೆಯ ನೊರೆಯೆಂದರೆ ರಕ್ತ. ರಕ್ತವೆಂದರೆ ಅಂತರಾಯ. ಅಂತರಾಯವೆಂದರೆ ಇನ್ನೂ ನಾಲ್ಕು ವರ್ಷ ಸಪ್ಪೆ ಚಹಾ. ಲೆಕ್ಕ ಎಷ್ಟು ನೇರವಾಗಿತ್ತೆಂದರೆ ಅವನಿಗೇ ಸ್ವಲ್ಪ ಸಂಶಯ ಬಂತು. ಕೈಯಿಂದ ಮುಟ್ಟಬಾರದೆಂದು ಇಕ್ಕಳದಿಂದ ಮುಚ್ಚಳ ಸರಿಸಿದ. ಅದೇ ಇಕ್ಕಳದಲ್ಲಿ ನೊರೆಯ ಬಟ್ಟಲಿನ ಅಂಚು ಹಿಡಿದು, ಹೊಳೆಗೆ ದೋಣಿ ಇಳಿಸುವಷ್ಟು ಮೆಲ್ಲಗೆ ನೀರಿನ ಮೇಲೆ ಬಿಟ್ಟ. ಅದು ತೇಲಿತು. ಹಗುರಾಗಿ ಒಂದು ಸುತ್ತು ತಿರುಗಿತು. ಬಿಳಿಯ ನೊರೆ ಹೊತ್ತು ಹಿತ್ತಾಳೆಯ ದಂಡೆಯಿಂದ ದಂಡೆಗೆ ಅದು ಹೋಗುವುದನ್ನು ಬಾಯಿ ತೆರೆದು ನೋಡುತ್ತ ಕೂತ. ಎಷ್ಟು ಹೊತ್ತು ಕೂತನೋ, ತಾನು ಯಾಕೆ ಕೂತಿದ್ದೇನೆಂಬುದೇ ಮರೆತುಹೋಯಿತು. ಇಂಥ ಸೊಗಸಾದ ಉಪಾಯ ಎರಡು ಚಳಿಗಾಲದಲ್ಲಿ ತನಗೆ ಹೊಳೆಯಲಿಲ್ಲವಲ್ಲ! ತಂಬಿಗೆಯಲ್ಲಾದರೆ ತಳಕ್ಕೆ ಮಾತ್ರ ಬಿಸಿ, ಇಲ್ಲಿ ಸುತ್ತಲೂ. ಎತ್ತುವಾಗ ಇಕ್ಕಳ ಸ್ವಲ್ಪ ಜಾರಿತು. ಬಟ್ಟಲು ವಾಲಿ ಅಂಚು ನೀರಿಗೆ ತಾಗಿತೋ, ತಾಗಲಿಲ್ಲವೋ. ಪಾತೇಲಿಯೊಳಗೆ ಬಿಳಿಯದೊಂದು ಚುಕ್ಕೆ ಕಂಡಿತು. ಬಗ್ಗಿ ನೋಡಿದ. ತಗಡಿನ ತೂತುಗಳಿಂದ ಬಿಸಿಲಿನ ಬಿಲ್ಲೆಗಳು ಬಿದ್ದು ನೀರಿನ ಮೇಲೆ ಅಂಥ ಹತ್ತು ಚುಕ್ಕೆಗಳು ಅಲುಗುತ್ತಿದ್ದವು. ಇಕ್ಕಳದಿಂದ ಮುಚ್ಚಳ ಮುಚ್ಚಿದ.

ಆಮೇಲಿನದು ಅವನು ಯಾರಿಗೂ ಹೇಳಲಾಗದ ಸುಖ. ಮೊದಲ ಸಲ ಬೆಚ್ಚಗೆ, ಎರಡನೆಯ ಸಲ ಇನ್ನೂ ಬೆಚ್ಚಗೆ. ರೇಜರು ಉಲ್ಟಾ ಏರುವಾಗ ಸಣ್ಣ ಸದ್ದೂ ಇಲ್ಲ. ದವಡೆಯ ಕೆಳಗಿನ ಆ ಹಾಳು ಜಾಗ ಕೂಡ ತಾನಾಗಿ ಮುಂದೆ ಬಂದು ಬೋಳಿಸಿಕೊಂಡಿತು. ಕನ್ನಡಿಯಲ್ಲಿ ಹೊಳೆಯುತ್ತಿದ್ದ ಮುಖವನ್ನು ನೋಡಿ ಅವನಿಗೆ ಹಿಗ್ಗಾಯಿತು, ಹಿಗ್ಗಿನ ಹಿಂದೆಯೇ ಬಸದಿಯ ಅಂಗಳ ನೆನಪಾಯಿತು. ಹೋದ ವರ್ಷ ಅಲ್ಲಿ ಇದೇ ಮಹಾರಾಜರು ಊರೆಲ್ಲ ನೋಡುತ್ತಿರುವಾಗ ಕೇಶಲೋಚ ಮಾಡಿಕೊಂಡಿದ್ದರು. ಬೆರಳಿಗೆ ಬೂದಿ ಹಚ್ಚಿಕೊಂಡು ತಲೆಯ, ಗಡ್ಡದ, ಮೀಸೆಯ ಕೂದಲನ್ನು ಚಿಟಿಕೆ ಚಿಟಿಕೆಯಾಗಿ ಕಿತ್ತು ಬಟ್ಟೆಯ ಮೇಲೆ ಇಡುತ್ತಿದ್ದರು, ಹೊಲದಲ್ಲಿ ಕಸ ಕೀಳುವ ಹೆಂಗಸಿನ ಅವಸರವಿಲ್ಲದ ಕೈಯಲ್ಲಿ. ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. ಜನ ಜಯಕಾರ ಹಾಕುತ್ತಿದ್ದಾಗ ತಾತ್ಯಾಸಾಹೇಬ ಕಂಬದ ಹಿಂದೆ ಸರಿದು ತನ್ನ ಗದ್ದವನ್ನು ಅಂಗೈಯಿಂದ ಮುಚ್ಚಿಕೊಂಡಿದ್ದ. ಎರಡೂ ಕಣ್ಣಲ್ಲಿ ನೀರು. ಪಕ್ಕದಲ್ಲಿದ್ದವರು ಅವನ ಭಕ್ತಿಯನ್ನು ಮೆಚ್ಚಿಕೊಂಡರು.

ತಣ್ಣೀರಿನಲ್ಲೇ ಸ್ನಾನ ಮಾಡಿದ; ಅದರಿಂದ ಏನಾದರೂ ಸರಿಹೋಗಬಹುದೆಂದು ಒಂದು ತಂಬಿಗೆ ಹೆಚ್ಚೇ ಸುರಿದುಕೊಂಡ. ತೊಳೆದ ಧೋತರ ಉಟ್ಟು, ಹೆಗಲಿಗೆ ಬಿಳಿಯ ವಸ್ತ್ರ ಹಾಕಿಕೊಂಡು ನಡುಗುತ್ತ ಚೌಕದ ಹೊಸ್ತಿಲ ಬಳಿ ನಿಂತ. ತ್ರಿಶಲಾ ಪಾತೇಲಿಯನ್ನು ಆಗಲೇ ಒಳಗೆ ತಂದಿಟ್ಟಿದ್ದಳು. ಮರದ ಪಾಟಿನ ಮೇಲೆ ಜೋಳದ ರೊಟ್ಟಿ, ಅನ್ನ, ತೊವ್ವೆ, ತುಪ್ಪ, ಹಾಲು, ಹೆಚ್ಚಿದ ಹಣ್ಣು. ನಾಲ್ಕು ದಿನದಿಂದ ಆರಿಸಿ, ತೊಳೆದು, ಬೀಸಿ ಮಾಡಿದ್ದು. ಸೆರಗಿನ ಮೇಲೆ ಇನ್ನೊಂದು ಬಟ್ಟೆಯನ್ನು ಹಣೆಯ ತನಕ ಬಿಗಿದು ಕಟ್ಟಿದ್ದಳು, ಒಂದು ಕೂದಲೂ ಹೊರಗೆ ಕಾಣದಂತೆ. ಅದನ್ನು ನೋಡಿ ಅವನಿಗೆ ಹೇಳಿಬಿಡಬೇಕೆನಿಸಿತು.

"ತ್ರಿಶಲಾ, ಆ ಪಾತೇಲ್ಯಾಗಿನ ನೀರು..."

ಅವಳು ಗಕ್ಕನೆ ತಿರುಗಿದಳು. "ಮುಟ್ಟೀರೇನು?"

"ಇಲ್ಲ. ನಾ ಮುಟ್ಟಿಲ್ಲ."

ಇದು ಅಕ್ಷರಶಃ ನಿಜವಾಗಿತ್ತು.

"ಮತ್ತೇನು?"

"ಏನಿಲ್ಲ. ಬಿಸಿ ಐತೇನಂತ ಕೇಳಿದ್ನಿ."

"ಐತಿ. ನೀವು ಹೊರಗ ಬಾಗಲಾಗ ನಿಂದರ್ರಿ, ನಾ ಕಲಶಾ ತಗೊಂಡ ಬರ್ತೀನಿ." ಹಾಗೆನ್ನುತ್ತ ಅವಳ ಕಣ್ಣು ಅವನ ಮುಖದ ಮೇಲೆ ಒಂದು ಗಳಿಗೆ ನಿಂತಿತು. "ಅಯ್ಯ, ಇವತ್ತ ಒಂದೂ ಗಾಯಾ ಇಲ್ಲಲ್ಲರಿ!" ಅವಳ ದನಿಯಲ್ಲಿ ಎಂಥ ಮೆಚ್ಚುಗೆ ಇತ್ತೆಂದರೆ, ಮದುವೆಯಾದ ಹೊಸದರಲ್ಲೂ ಅದನ್ನು ಅವನು ಕೇಳಿರಲಿಲ್ಲ.

ಓಣಿಯಲ್ಲಿ ರಂಗೋಲಿ, ಬಾಗಿಲು ಬಾಗಿಲಿಗೆ ಬಿಳಿ ಧೋತರದ ಗಂಡಸರು, ಅವರ ಪಕ್ಕಕ್ಕೆ ತೆಂಗಿನಕಾಯಿಯಿಟ್ಟ ಕಲಶ ಹಿಡಿದ ಹೆಂಗಸರು. ಸ್ನಾನದ ಮುಂಚೆ ತೃಪ್ತಿ ಮೊಬೈಲನ್ನು ಕಿಟಕಿಯ ಹೊರಗೆ ಕೂತ ಅತ್ತೆಯ ತಂಗಿ ಕಾಶಿಬಾಯಿಗೆ ಒಪ್ಪಿಸಿದ್ದಳು. ಕಾಶಿಬಾಯಿ ಬಸದಿಯ ಗ್ರೂಪಿನಲ್ಲಿ ಬಂದದ್ದನ್ನೆಲ್ಲ ಓದುತ್ತಿದ್ದಳು: "ಬಸದಿ ಬಿಟ್ರಂತ... ಬ್ಯಾಂಕಿನ ತಿರುವಿಗೆ ಬಂದ್ರಂತ... ಅಲ್ಲಿ ಯಾರ ಮನಿಗೂ ನಿಂತಿಲ್ಲಂತ." ಎದುರು ಮನೆಯ ಆಬಾಸಾಹೇಬ ಚಳಿಗೆ ಒಂದು ಕಾಲಿನ ಮೇಲೆ ಇನ್ನೊಂದು ಕಾಲು ಉಜ್ಜುತ್ತ ಇತ್ತ ನೋಡಿದ.

"ಏನೋ ತಾತ್ಯಾ, ಗಲ್ಲ ಅಂದ್ರ ಮದಿಮಗನ ಗಲ್ಲ ಆಗ್ಯಾವಲ್ಲೋ! ಕರೆಂಟ ಇಲ್ಲ, ಬಿಸಿನೀರ ಎಲ್ಲಿಂದ ತಂದಿ?"

"ಸುಮ್ನಿರಪಾ," ಎಂದ ತಾತ್ಯಾಸಾಹೇಬ.

"ನಂದ ನೋಡು, ತಣ್ಣೀರಾಗ ಕೆರದ ಕೆರದ ಮುಸಡಿ ಕಬ್ಬ ಕಡದಿಟ್ಟ ಹೊಲ ಆಗೈತಿ. ಹೇಳಲೇ, ಎಲ್ಲಿಂದ ತಂದಿ?"

ಅಷ್ಟರಲ್ಲಿ ಓಣಿಯ ತುದಿಯಲ್ಲಿ "ನಮೋಸ್ತು, ನಮೋಸ್ತು" ಎಂಬ ಕೂಗು ಎದ್ದಿತು. ಮಹಾರಾಜರು ಬಲಗೈಯ ಬೆರಳುಗಳನ್ನು ಹೆಗಲಿಗೆ ಮಡಚಿ, ಎಡಗೈಯಲ್ಲಿ ಪಿಂಛಿ ಕಮಂಡಲ ಹಿಡಿದು, ನಾಲ್ಕು ಮೊಳ ನೆಲವನ್ನಷ್ಟೇ ನೋಡುತ್ತ ಬರುತ್ತಿದ್ದರು. ನವಿಲು ತಾನಾಗಿ ಉದುರಿಸಿದ ಗರಿಗಳ ಆ ಪಿಂಛಿಯನ್ನು ಕಂಡದ್ದೇ ತಾತ್ಯಾಸಾಹೇಬನಿಗೆ ಬಚ್ಚಲ ಗೂಡಿನಲ್ಲಿ ಒಣಗಲು ನಿಂತ ತನ್ನ ಬ್ರಷ್ಷು ಕಣ್ಣಿಗೆ ಬಂತು. ಅದು ಯಾವ ಪ್ರಾಣಿಯ ಕೂದಲೋ, ತಾನಾಗಿ ಉದುರಿಸಿತ್ತೋ, ಕಿತ್ತುಕೊಂಡರೋ. ಹೋಗಿಬಿಡಲಿ, ಎಂದು ಅವನು ಮನಸ್ಸಿನಲ್ಲಿ ಬೇಡಿಕೊಂಡ. ಆಬಾನ ಮನೆಗೆ ಹೋಗಿಬಿಡಲಿ. ಬಾಯಿ ಮಾತ್ರ ಹೆಂಡತಿ ಸೊಸೆಯರ ಜೊತೆ ಕೂಗುತ್ತಿತ್ತು: "ಹೇ ಸ್ವಾಮಿ, ನಮೋಸ್ತು ನಮೋಸ್ತು ನಮೋಸ್ತು, ಅತ್ರ ಅತ್ರ, ತಿಷ್ಠ ತಿಷ್ಠ!" ಮೆಲ್ಲಗೆ ಕೂಗಿದರೆ ತ್ರಿಶಲಾಗೆ ತಿಳಿಯುತ್ತದೆಂದು ಉಳಿದವರಿಗಿಂತ ಜೋರಾಗಿಯೇ ಕೂಗಿದ. ಮಹಾರಾಜರು ಆಬಾಸಾಹೇಬನ ಬಾಗಿಲನ್ನು ದಾಟಿದರು. ಇತ್ತ ತಿರುಗಿದರು. ತಾತ್ಯಾಸಾಹೇಬನ ಮುಂದೆ ಬಂದು ನಿಂತರು.

ತ್ರಿಶಲಾಳ ಕೈಯಲ್ಲಿದ್ದ ಕಲಶದ ನೀರು ತುಳುಕಿತು. ಮೂವರೂ ಮಹಾರಾಜರ ಸುತ್ತ ಮೂರು ಪ್ರದಕ್ಷಿಣೆ ಬಂದರು. ಎರಡನೆಯ ಸುತ್ತಿನಲ್ಲಿ ಅವನು ಯೋಚಿಸಿದ: ಅದು ಬಿಸಿಲಿನ ಚುಕ್ಕೆಯೇ ಇದ್ದೀತು. ಮೂರನೆಯ ಸುತ್ತಿನಲ್ಲಿ ಯೋಚಿಸಿದ: ಬಿಸಿಲಿನ ಚುಕ್ಕೆ ತೇಲುವುದಿಲ್ಲ, ಆ ಒಂದು ಚುಕ್ಕೆ ತೇಲಿತು. ಇನ್ನು ಮನೆಯ ಯಜಮಾನ ಶುದ್ಧಿ ಹೇಳಬೇಕು. ಅವನ ಮಾತನ್ನು ನಂಬಿಯೇ ಮಹಾರಾಜರು ಹೊಸ್ತಿಲು ದಾಟುವುದು. ಬೇರೆ ಯಾವ ಪರೀಕ್ಷೆಯೂ ಇಲ್ಲ, ಯಾರೂ ಪಾತೇಲಿಯ ಮುಚ್ಚಳ ತೆಗೆದು ನೋಡುವುದಿಲ್ಲ.

"ಮನ ಶುದ್ಧಿ," ಎಂದ. ದನಿ ಸಣ್ಣದಾಗಿ ಬಂತು. "ವಚನ ಶುದ್ಧಿ," ಎಂದ, ಇನ್ನೂ ಸಣ್ಣದಾಗಿ. "ಕಾಯ ಶುದ್ಧಿ," ಎಂಬುದನ್ನು ಮಾತ್ರ ಗಂಟಲು ತುಂಬಿ ಹೇಳಿದ. ಅದರಲ್ಲಿ ಸಂಶಯವಿರಲಿಲ್ಲ, ಹುಟ್ಟಿದಾಗಿನಿಂದ ಅವನ ಮುಖ ಇಷ್ಟು ಶುಭ್ರವಾಗಿರಲಿಲ್ಲ. "ಆಹಾರ..." ಎಂದು ನಿಂತ.

"ಜಲ," ತ್ರಿಶಲಾ ತುಟಿಯಲ್ಲೇ ಹೇಳಿಕೊಟ್ಟಳು.

ಮಹಾರಾಜರು ಮೊದಲ ಸಲ ಕಣ್ಣೆತ್ತಿದರು. ಅದರಲ್ಲಿ ಪ್ರಶ್ನೆ ಇರಲಿಲ್ಲ. ಅವನು ಏನು ಹೇಳಿದರೂ ಹೌದೆನ್ನುವಂಥ, ಕೂಸಿನದೋ ಹಸುವಿನದೋ ಎಂಬಂಥ ನೋಟ. ನಿನ್ನೆಯ ಇದೇ ಹೊತ್ತಿನಿಂದ ಗುಟುಕು ನೀರನ್ನೂ ಕುಡಿಯದ ತುಟಿ. ಗದ್ದದ ಮೇಲೆ ಎರಡು ತಿಂಗಳ ಬಿಳಿ ಕೂದಲು, ಮತ್ತೆ ಕೀಳುವುದಕ್ಕೆ ಬೆಳೆಯುತ್ತಿರುವುದು.

"ಆಹಾರ ಶುದ್ಧ ಐತ್ರಿ, ಮಹಾರಾಜ್ರ," ಎಂದ ತಾತ್ಯಾಸಾಹೇಬ. "ನೀರಿಂದು ನನಗ ಖಾತ್ರಿ ಇಲ್ರಿ."

ಮಹಾರಾಜರು ಒಂದು ಗಳಿಗೆ ನಿಂತು ಪಿಂಛಿಯನ್ನು ಸ್ವಲ್ಪ ಎತ್ತಿ ತಿರುಗಿದರು. ಆಶೀರ್ವಾದವೋ, ಬರೀ ತಿರುಗುವಾಗ ಕೈ ಎದ್ದದ್ದೋ ತಿಳಿಯಲಿಲ್ಲ. ಎದುರಿಗೆ, ಇನ್ನು ತನ್ನ ಪಾಳಿ ಇಲ್ಲವೆಂದು ಹೆಗಲಿನ ವಸ್ತ್ರವನ್ನು ಕಿವಿಗೆ ಸುತ್ತಿಕೊಂಡಿದ್ದ ಆಬಾಸಾಹೇಬ ಗಡಬಡಿಸಿ ಅದನ್ನು ಬಿಚ್ಚಿ, ನಮೋಸ್ತು ಎನ್ನಲು ಹೋಗಿ ಕೆಮ್ಮಿದ. ಮಹಾರಾಜರು ಅಲ್ಲಿ ನಿಂತರು. ಅವನ ಶುದ್ಧಿಗಳು ನಾಲ್ಕೂ ತಡೆಯಿಲ್ಲದೆ ಬಂದವು. ತೃಪ್ತಿ ಅತ್ತೆಯ ಮುಖ ನೋಡಿ, ಮಾವನ ಮುಖ ನೋಡಿ, ತಾನಾದರೂ ಒಂದು ತುತ್ತು ನೀಡಿ ಬರುತ್ತೇನೆಂದು ಆಬಾಸಾಹೇಬನ ಮನೆಗೆ ಓಡಿದಳು. ತ್ರಿಶಲಾ ಕಲಶವನ್ನು ಕಟ್ಟೆಯ ಮೇಲಿಟ್ಟು ಒಳಗೆ ನಡೆದಳು. ತಾತ್ಯಾಸಾಹೇಬ ಹಿಂದೆಯೇ ಹೋದ. ಹೊರಗೆ ನಿಲ್ಲುವುದು ಅದಕ್ಕಿಂತ ಕಷ್ಟವಿತ್ತು.

"ಏನ ಮಾಡೀರಿ ನೀರಿಗೆ?"

ಹೇಳಿದ. ಗೀಜರು, ಕೆಂಡ, ರಕ್ತದ ಹೆದರಿಕೆ, ಎಲ್ಲ ಹೇಳಿದ.

"ದಾಡಿ ನೊರೀ ಬೆಚ್ಚಗ ಇರ್ಲೆಂತ," ಅವಳು ಒಂದೊಂದೇ ಮಾತನ್ನು ಎತ್ತಿಟ್ಟಳು, "ಮಹಾರಾಜ್ರ ನೀರಾಗ ಬಟ್ಟಲಾ ತೇಲಿ ಬಿಟ್ರಿ."

"ಇಕ್ಕಳದ್ಲೆ ಬಿಟ್ನಿ. ಕೈ ಹಚ್ಚಿಲ್ಲ."

"ಇಕ್ಕಳದ್ಲೆ!"

"ಬಿತ್ತೋ ಇಲ್ಲೋ ಅದಽ ಖಾತ್ರಿ ಇಲ್ಲ. ಬಿಸಲಿಂದೂ ಇದ್ದೀತು."

"ಖಾತ್ರಿ ಇಲ್ಲಂದ್ರ ಸುಮ್ನ ಹೇಳಿಬಿಡಬೇಕಿಲ್ಲೇನ್ರಿ ಶುದ್ಧ ಅಂತ? ಹಗಲೆಲ್ಲ ನೂರಾ ಎಂಟ ಸುಳ್ಳ ಹೇಳ್ತೀರಿ. ಇವತ್ತಽ ಬಾಯಿಗೆ ಏನ ಬಡಿದಿತ್ತು?" ಹೇಳುತ್ತಿದ್ದಂತೆ ತಾನು ಆಡಿದ್ದೇನೆಂದು ತಿಳಿದು ನಾಲಗೆ ಕಚ್ಚಿಕೊಂಡಳು. ಅಳು ಬರುತ್ತಿತ್ತು, ಅದನ್ನು ಸಿಟ್ಟಿನಲ್ಲಿ ಹಿಡಿದಿಟ್ಟಿದ್ದಳು. ಅವನ ಬಾಯಿಂದ, ಒಂದು ಬಾಗಿಲು ತೆರೆದಾಗ ಇನ್ನೊಂದೂ ಗಾಳಿಗೆ ತೆರೆದುಕೊಳ್ಳುವ ಹಾಗೆ, ಬಚ್ಚಿಟ್ಟ ಹಳೆಯ ಮಾತೂ ಹೊರಗೆ ಬಂದುಬಿಟ್ಟಿತು.

"ನಾಲ್ಕ ವರ್ಷದ ಹಿಂದ ಬಂದ ಕೂದಲಾ ನಿಂದಲ್ಲ, ತ್ರಿಶಲಾ. ನನ್ನ ಬ್ರಷಿಂದು."

ಎದುರು ಮನೆಯಿಂದ ಜಯಕಾರ ಕೇಳಿಸಿತು; ಮೊದಲ ತುತ್ತು ಬಿದ್ದಿರಬೇಕು. ಅವಳು ತಲೆಗೆ ಕಟ್ಟಿದ್ದ ಬಟ್ಟೆಯನ್ನು ನಿಧಾನಕ್ಕೆ ಬಿಚ್ಚಿದಳು. ಹಣೆಯ ಮೇಲೆ ಅದರ ಗೆರೆ ಕೆಂಪಗೆ ಮೂಡಿತ್ತು.

"ಅವತ್ತಽ ಗೊತ್ತಿತ್ತೇನು ನಿಮಗ?"

"ಗೊತ್ತಿತ್ತು."

"ಮತ್ತ ಹೇಳಲಿಲ್ಲ."

"ಯಾರೂ ಕೇಳಲಿಲ್ಲ."

"ಎದರಿಗೆ ಕುಂತು ಎರಡೆರಡ ಚಮಚ ಸಕ್ಕರಿ ಹಾಕ್ಕೊಂಡ ಚಾ ಕುಡದ್ರಿ. ಸುರ್ ಸುರ್ ಅಂತ."

ತಾನು ಕುಡಿಯುವಾಗ ಚಹಾ ಸುರ್ರೆನ್ನುತ್ತದೆಂಬುದು ಅವನಿಗೆ ಹೊಸ ಸಂಗತಿ. ತ್ರಿಶಲಾ ಪಾಟಿನ ಮೇಲಿನ ನಾಲ್ಕು ದಿನದ ದುಡಿಮೆಯನ್ನು ನೋಡಿದಳು, ಅವನನ್ನು ನೋಡಿದಳು. ಬಿಳಿ ಧೋತರ, ಬಿಳಿ ವಸ್ತ್ರ, ನಡುಗುವ ಕಾಲು, ಮೇಲೆ ಹೊಳೆಯುವ ಮುಖ. ಅವಳ ತುಟಿಯ ಮೂಲೆ ಒಂದು ಸಲ ಅದುರಿತು. ಅಳುವಿಗೋ ಇನ್ನೇನಕ್ಕೋ ಹೇಳುವಂತಿರಲಿಲ್ಲ. ಪಾತೇಲಿಯ ಮುಚ್ಚಳ ತೆಗೆದು, ಹಿತ್ತಾಳೆಯ ಚೊಂಬನ್ನು ಅದರಲ್ಲಿ ಅದ್ದಿ ಎತ್ತಿದಳು.

"ಬೊಗಸಿ ಹಿಡೀರಿ."

"ಯಾಕ?"

"ನಿಂತಲ್ಲೇ ಹಿಡೀರಿ. ಹ್ಞಾಂ, ಹಂಗ. ಕುಡದ ನೋಡಿ ಹೇಳ್ರಿ, ಸಾಬಾಣ ಐತೋ ಇಲ್ಲೋ."

ನೀರು ಬೊಗಸೆಗೆ ಬಿತ್ತು. ಇನ್ನೂ ಬೆಚ್ಚಗಿತ್ತು, ಚಳಿಗೆ ಮರಗಟ್ಟಿದ ಬೆರಳುಗಳ ಸಂದಿಯಿಂದ ಮೊಣಕೈಗಿಳಿದು ಹನಿಯಿತು. ಕುಡಿದ. ನುಂಗದೆ ಬಾಯಲ್ಲೇ ಇಟ್ಟುಕೊಂಡು ನಾಲಗೆಯಿಂದ ಹುಡುಕಿದ. ಬಾವಿಯ ಕಲ್ಲಿನ ರುಚಿ, ಹಿತ್ತಾಳೆಯದು, ಸ್ವಲ್ಪ ಹೊಗೆಯದು. ಆ ಹೊಗೆಯ ಹಿಂದೆ ಬೇರೆ ಏನೋ ಇದೆಯೆನಿಸಿತು, ಅದು ಅವನ ಗಲ್ಲದಿಂದಲೇ ಬರುವ ವಾಸನೆಯೂ ಇದ್ದೀತು. ಸಾಬೂನು ಇದೆಯೆಂದರೆ ಅವಳು ನಸುಕಿನಲ್ಲಿ ಸೇದಿ ಸೋಸಿ ಕಾಯಿಸಿದ್ದನ್ನೆಲ್ಲ ಅವನು ಕೆಡಿಸಿದ. ಇಲ್ಲವೆಂದರೆ ಬಾಗಿಲಿಗೆ ಬಂದು ನಿಂತವರನ್ನು ಸುಮ್ಮಸುಮ್ಮನೆ ಎದುರು ಮನೆಗೆ ಕಳಿಸಿದ. ತ್ರಿಶಲಾಳ ಮುಖ ಗೇಣು ದೂರದಲ್ಲಿ ಕಾಯುತ್ತಿತ್ತು. ಅವನು ನುಂಗಿದ.

"ಹೇಳ್ರಿ."

"ತಿಳೀವಲ್ದು," ಎಂದ, ನಿಜವಾಗಿಯೂ ತಿಳಿಯದೆ. "ಇನ್ನೊಂದ ಬೊಗಸಿ ಹಾಕು, ಹೇಳ್ತೀನಿ."

"ಹಾಕ್ತೀನಿ ತಗೋರಿ," ಎಂದು ಅವಳು ಚೊಂಬನ್ನು ಬಾಗಿಸಿದಳು. "ಅವಸರೇನಿಲ್ಲ. ಪಾತೇಲಿ ತುಂಬ ಐತಿ."